ಮಕ್ಕಳನ್ನ ಕರ್ಕೊಂಡು ಪೇಟೆ ಕಡೆ ಹೊರಟ್ರೆ: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಮುಂದೆ ಹರಡ್ಕೊಂಡು ಕೂತ್ರೆ ಅರ್ಧಕ್ಕರ್ಧ ಒಂದೇ ವಿಷಯ. ಮಕ್ಕಳಿಗೆ ರಜ ಇದೆ, ಬೆಂಗಳೂರಿನ ಒಳಗೇ, ಮೆಜೆಸ್ಟಿಕ್ ಸುತ್ತಮುತ್ತ ಎಲ್ಲಿಗೆ ಹೋಗ್ಬೋದು, ಮಾಲ್ ಬಿಟ್ಟು ಬೇರೆ ಏನಾದ್ರೂ ಹೇಳಿ ಅಂತ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ನಾನು ಚಾಮರಾಜಪೇಟೆಲಿ ಬೆಳೆದೋಳು, ಈಗ ಮೊಮ್ಮಕ್ಕಳ ಕೈ ಹಿಡ್ಕೊಂಡು ಅದೇ ಬೀದಿಗಳಲ್ಲಿ ಓಡಾಡ್ತೀನಿ, ಹೋಗಿ ನೋಡಿರೋದನ್ನೇ ಹೇಳ್ತೀನಿ.

ಪ್ರಶ್ನೆ: ಅಕ್ಕ, ನಮಸ್ಕಾರ. ನಾವು ತುಮಕೂರಿನವರು. ಒಂದು ಭಾನುವಾರ ಬೆಳಿಗ್ಗೆ ಟ್ರೇನಿಗೆ ಬಂದು ರಾತ್ರಿ ವಾಪಸ್ ಹೋಗ್ಬೇಕು ಅಂತ ಪ್ಲಾನ್. ಆರು ವರ್ಷದ ಮಗಳು, ಹತ್ತು ವರ್ಷದ ಮಗ, ಜೊತೆಗೆ ನಮ್ಮತ್ತೆ, ಅವರಿಗೆ ಮಂಡಿ ನೋವು. ವಿಧಾನಸೌಧ, ಕಬ್ಬನ್ ಪಾರ್ಕ್, ಮ್ಯೂಸಿಯಂ, ಲಾಲ್‌ಬಾಗ್, ಅರಮನೆ, ಇಸ್ಕಾನ್ ಇಷ್ಟೂ ಒಂದೇ ದಿನದಲ್ಲಿ ಆಗತ್ತಾ? ಯಾವ ಆರ್ಡರಲ್ಲಿ ಹೋಗ್ಬೇಕು?

ಉತ್ತರ: ಆಗಲ್ಲಮ್ಮ, ಮಾಡ್ಬೇಡಿ. ಆರು ಜಾಗ ಅಂದ್ರೆ ಅರ್ಧ ದಿನ ಟ್ರಾಫಿಕ್ಕಲ್ಲೇ ಹೋಗತ್ತೆ, ಮೂರನೇ ಜಾಗಕ್ಕೆ ಬರೋ ಹೊತ್ತಿಗೆ ಮಗು ಅಳತ್ತೆ, ಅತ್ತೆಯವರು ಬಾಯಿಬಿಟ್ಟು ಹೇಳ್ದೆ ಮಂಡಿ ಒತ್ಕೊಂಡು ಎಲ್ಲೋ ಒಂದು ಕಟ್ಟೆ ಮೇಲೆ ಕೂತಿರ್ತಾರೆ. ನನ್ನ ಮಾತು ಕೇಳೋದಾದ್ರೆ ಲಾಲ್‌ಬಾಗ್, ಅರಮನೆ, ಇಸ್ಕಾನ್ ಮೂರನ್ನೂ ಇನ್ನೊಂದು ಸಲಕ್ಕೆ ಇಟ್ಕೊಳ್ಳಿ. ಉಳಿದ ಮೂರೂ ಅಕ್ಕಪಕ್ಕದಲ್ಲೇ ಇವೆ, ಅಷ್ಟೇ ಸಾಕು.

ರೈಲಿಂದ ಇಳಿದ ಮೇಲೆ ಆಟೋದವರ ಜೊತೆ ಚೌಕಾಸಿಗೆ ನಿಲ್ಬೇಡಿ, ಸಿಟಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಮೆಟ್ರೋ ಸ್ಟೇಷನ್ ಇದೆ, ಪರ್ಪಲ್ ಲೈನು, ವೈಟ್‌ಫೀಲ್ಡ್ ಕಡೆ ಹೋಗೋ ಗಾಡಿ ಹತ್ತಿ. ಮೆಜೆಸ್ಟಿಕ್, ಆಮೇಲೆ ಸೆಂಟ್ರಲ್ ಕಾಲೇಜ್ ಹತ್ರದ ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್, ಅದಾದ್ಮೇಲೆ ಅಂಬೇಡ್ಕರ್ ಸ್ಟೇಷನ್, ಅಲ್ಲಿ ಇಳಿರಿ. ಮೂರಡಿಗಿಂತ ಕಡಿಮೆ ಎತ್ತರದ ಮಗುಗೆ ಟಿಕೆಟ್ ಬೇಡ, ನಿಮ್ಮ ಮಗಳು ಬಹುಶಃ ಅದನ್ನ ದಾಟಿರ್ತಾಳೆ. ಲಿಫ್ಟ್ ಇದೆ, ಅತ್ತೆಯವರನ್ನ ಮೆಟ್ಟಿಲು ಹತ್ತಿಸ್ಬೇಡಿ, ಸ್ವಲ್ಪ ಸುತ್ತಾದ್ರೂ ಪರ್ವಾಗಿಲ್ಲ ಲಿಫ್ಟ್ ಎಲ್ಲಿದೆ ಕೇಳಿ ಅದರಲ್ಲೇ ಬನ್ನಿ.

ಮೇಲೆ ಬಂದ್ರೆ ಒಂದು ಕಡೆ ವಿಧಾನಸೌಧ, ಎದುರುಗಡೆ ಕೆಂಪು ಬಣ್ಣದ ಹೈಕೋರ್ಟು, ನಮ್ಮ ಹಳಬರ ಬಾಯಲ್ಲಿ ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳು ಅದರಲ್ಲಿ ಇದ್ವು, ಅದಕ್ಕೇ ಆ ಹೆಸರು. ಈ ಎರಡು ಕಟ್ಟಡಗಳ ಮಧ್ಯೆ ನಿಂತ್ಕೊಂಡು ಮಗನಿಗೆ ಒಂದು ವಿಷಯ ಹೇಳಿ. ಕೆಂಪು ಕಟ್ಟಡ ಬ್ರಿಟಿಷರ ಕಾಲದ್ದು, 1860ರ ದಶಕದ್ದು. ಬಿಳಿ ಕಲ್ಲಿಂದು ಸ್ವಾತಂತ್ರ್ಯ ಬಂದ್ಮೇಲೆ ನಮ್ಮವರೇ ಕಟ್ಟಿಸಿದ್ದು, 1951ರಲ್ಲಿ ನೆಹರು ಅಡಿಗಲ್ಲು ಹಾಕಿದ್ರು, ಕೆಂಗಲ್ ಹನುಮಂತಯ್ಯನವರು ಹಠ ಹಿಡಿದು ಈ ರೂಪಕ್ಕೆ ತಂದ್ರು, 1956ಕ್ಕೆ ಮುಗೀತು. ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿರೋದನ್ನ ಮಗ ಓದ್ಲಿ. ಹತ್ತು ವರ್ಷದ ಹುಡುಗ ಅದನ್ನ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದೋದು ಕೇಳೋಕೆ ಚೆನ್ನಾಗಿರತ್ತೆ.

ಹೈಕೋರ್ಟ್ ಹಿಂದೇನೇ ಕಬ್ಬನ್ ಪಾರ್ಕು. ಭಾನುವಾರ ಪಾರ್ಕಿನ ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡಲ್ಲ, ಮಕ್ಕಳಿಗೆ ಅದೇ ದೊಡ್ಡ ಖುಷಿ, ನಡುರಸ್ತೆಲಿ ಓಡ್ಬೋದು. ಆದ್ರೆ ಅತ್ತೆಯವರಿಗೆ ಅದೇ ಕಷ್ಟ, ಆಟೋನೂ ಒಳಗೆ ಬರಲ್ಲ, ಎಲ್ಲಾ ನಡೀಲೇಬೇಕು. ಅದಕ್ಕೆ ಪಾರ್ಕನ್ನ ಈ ತುದಿಯಿಂದ ಆ ತುದಿಗೆ ಸುತ್ತೋ ಆಸೆ ಬಿಟ್ಬಿಡಿ. ಬ್ಯಾಂಡ್ ಸ್ಟ್ಯಾಂಡ್ ಹತ್ರ ಒಂದು ಬೆಂಚು ಹಿಡೀರಿ, ಅತ್ತೆ ಅಲ್ಲಿ ಕೂರ್ಲಿ, ಒಬ್ಬರು ಅವರ ಜೊತೆ ಇರಿ, ಇನ್ನೊಬ್ಬರು ಮಕ್ಕಳನ್ನ ಬಿದಿರು ಮೆಳೆ ಕಡೆ, ಶೇಷಾದ್ರಿ ಅಯ್ಯರ್ ಸ್ಮಾರಕದ ಕೆಂಪು ಲೈಬ್ರರಿ ಕಡೆ ಕರ್ಕೊಂಡು ಹೋಗಿ ಬನ್ನಿ. 1870ರಲ್ಲಿ ಸ್ಯಾಂಕಿ ಅನ್ನೋ ಎಂಜಿನಿಯರು ಮಾಡಿಸಿದ ಪಾರ್ಕ್ ಇದು, ಸದಾಶಿವನಗರದ ಹತ್ರ ಸ್ಯಾಂಕಿ ಕೆರೆ ಇದ್ಯಲ್ಲ, ಅದೂ ಅವರ ಹೆಸರಿಂದೇ. ಬಾಲಭವನದಲ್ಲಿ ಪುಟಾಣಿ ರೈಲು ಓಡ್ತಿದ್ರೆ ಮಗಳನ್ನ ಕೂರಿಸಿ, ಕ್ಯೂ ಉದ್ದ ಇದ್ರೂ ಕಾಯಿರಿ, ಆರು ವರ್ಷಕ್ಕೆ ಅದಕ್ಕಿಂತ ದೊಡ್ಡದು ಇನ್ನೇನಿದೆ.

ಈಗ ಮ್ಯೂಸಿಯಂ. ಕಸ್ತೂರಬಾ ರಸ್ತೆಲಿರೋ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾದದ್ದು, ದೇಶದ ಹಳೇ ಮ್ಯೂಸಿಯಂಗಳಲ್ಲಿ ಒಂದು. ಹಳೇ ಕಟ್ಟಡ, ಆಗಾಗ ರಿಪೇರಿ ಕೆಲಸ ನಡೀತಿರತ್ತೆ, ಹೊರಡೋ ಮೊದಲು ತೆರೆದಿದ್ಯಾ ಅಂತ ವಿಚಾರಿಸಿಕೊಳ್ಳಿ. ಒಳಗೆ ಹೋದ್ರೆ ಎಲ್ಲಾ ಗಾಜಿನ ಪೆಟ್ಟಿಗೆ ಮುಂದೆ ಎರಡೆರಡು ನಿಮಿಷ ನಿಂತು ಬಂದ್ರೆ ಮಕ್ಕಳಿಗೆ ಒಂದೂ ನೆನಪಿರಲ್ಲ. ಒಂದೇ ಕಲ್ಲು ತೋರಿಸಿ, ಆತಕೂರಿನ ಕಲ್ಲು.

ಆ ಕಲ್ಲಿನ ಕತೆ ನಾನು ನನ್ನ ಮೊಮ್ಮಗಳಿಗೆ ಹೇಳಿದ ಹಾಗೇ ಹೇಳ್ತೀನಿ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಲ್ಲಿ ಆತಕೂರು ಅಂತ ಊರು. ಕ್ರಿ.ಶ. 949ರ ಸುಮಾರು, ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತೆ ಗಂಗರ ಬೂತುಗ ಸೇರ್ಕೊಂಡು ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿ ಗೆದ್ದಿರ್ತಾರೆ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಅನ್ನೋ ವೀರ ಚೆನ್ನಾಗಿ ಕಾದಾಡಿದ್ದಕ್ಕೆ ದೊರೆ ಮೆಚ್ಚಿ ಏನು ಬೇಕು ಕೇಳು ಅಂತಾನೆ. ಊರು ಕೇಳ್ಬೋದಿತ್ತು, ಹೊನ್ನು ಕೇಳ್ಬೋದಿತ್ತು. ಅವನು ಕೇಳಿದ್ದು ದೊರೆ ಹತ್ರ ಇದ್ದ ಕಾಳಿ ಅನ್ನೋ ನಾಯಿನ. ಆಮೇಲೆ ಒಂದು ದಿನ ಬೇಟೇಲಿ ಆ ಕಾಳಿನ ದೊಡ್ಡ ಕಾಡುಹಂದಿ ಮೇಲೆ ಬಿಡ್ತಾರೆ, ಹಂದಿನೂ ಸಾಯತ್ತೆ, ಕಾಳಿನೂ ಸಾಯತ್ತೆ. ಮಣಲೆರ ಆ ನಾಯಿಗೋಸ್ಕರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಜಮೀನು ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಡೋದನ್ನ ಕೆತ್ತಿದಾರೆ, ಸುತ್ತ ಹಳಗನ್ನಡ ಅಕ್ಷರ. ನನ್ನ ಮೊಮ್ಮಗಳು ಏಳು ವರ್ಷದೋಳು, ಕತೆ ಮುಗಿದ ಮೇಲೆ ಏನೂ ಮಾತಾಡಲಿಲ್ಲ, ಕಲ್ಲಿನ ಹತ್ರ ಬಗ್ಗಿ ನಾಯಿ ಬಾಲ ಎಲ್ಲಿದೆ ಅಂತ ಹುಡುಕಿದ್ಲು. ಮನೆಗೆ ಬಂದ್ಮೇಲೆ ಬೀದೀಲಿರೋ ಕಪ್ಪು ನಾಯಿಗೆ ಕಾಳಿ ಅಂತ ಹೆಸರಿಟ್ಟಿದಾಳೆ. ಸಾವಿರ ವರ್ಷ ಹಿಂದಿನ ಕನ್ನಡದ ನಾಯಿ ಹೆಸರು ಈಗಿನ ಮಗು ಬಾಯಲ್ಲಿ ಬರೋದು ಕೇಳಿದ್ರೆ ನನಗೆ ಈಗ್ಲೂ ಕಣ್ಣು ತುಂಬತ್ತೆ.

ಮಧ್ಯಾಹ್ನದ ಊಟಕ್ಕೆ ಎಂ.ಜಿ. ರೋಡ್, ಚರ್ಚ್ ಸ್ಟ್ರೀಟ್ ಕಡೆ ನಡೆದು ಹೋಗ್ಬೋದು, ಆದ್ರೆ ಅತ್ತೆಯವರಿಗೆ ದೂರ ಆಗತ್ತೆ, ಕಸ್ತೂರಬಾ ರಸ್ತೆ ಪಕ್ಕದಲ್ಲೇ ಆಟೋ ಹಿಡೀರಿ. ಊಟ ಆದ್ಮೇಲೆ ಒಂದು ಗಂಟೆ ಸುಮ್ನೆ ಕೂತ್ಕೊಂಡು, ಸಂಜೆ ವಿಧಾನಸೌಧದ ದೀಪ ನೋಡ್ಕೊಂಡು ಅದೇ ಮೆಟ್ರೋ ಹತ್ತಿ ವಾಪಸ್ ಹೋಗಿ.

ಪ್ರಶ್ನೆ: ಮೇಡಂ, ನನ್ನ ಮಗ ಎಂಟನೇ ಕ್ಲಾಸು, ಮನೇಲಿರೋ ಫ್ಯಾನು, ಮಿಕ್ಸಿ ಎಲ್ಲಾ ಬಿಚ್ಚಿ ಹಾಕ್ತಾನೆ. ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋಗ್ಲಾ, ಪ್ಲಾನೆಟೋರಿಯಂಗಾ? ಎರಡರಲ್ಲಿ ಒಂದಕ್ಕೇ ಟೈಮ್ ಇರೋದು. (ಓದುಗರು, ಕೆಂಗೇರಿ)

ಉತ್ತರ: ಬಿಚ್ಚೋ ಹುಡುಗ ಅಂದ್ರೆ ಯೋಚನೆ ಮಾಡೋದೇ ಬೇಡ, ವಿಶ್ವೇಶ್ವರಯ್ಯ ಮ್ಯೂಸಿಯಂ. ಬೆಳಿಗ್ಗೆ ತೆರೆಯೋ ಹೊತ್ತಿಗೇ ಬಾಗಿಲಲ್ಲಿ ಇರಿ, ಹನ್ನೊಂದು ಆದ್ಮೇಲೆ ಶಾಲೆ ಮಕ್ಕಳ ಬಸ್ಸು ಬಂದ್ಬಿಟ್ರೆ ಒಂದೊಂದು ಮಾಡೆಲ್ ಮುಂದೆ ಮೂವತ್ತು ಜನ ಇರ್ತಾರೆ, ಬಟನ್ ಒತ್ತೋಕೆ ನಿಮ್ಮ ಮಗನಿಗೆ ಛಾನ್ಸೇ ಸಿಗಲ್ಲ.

ಒಳಗೆ ಹೋಗ್ತಿದ್ದ ಹಾಗೆ ಸ್ಪೈನೋಸಾರಸ್ ಡೈನೋಸಾರು ಕತ್ತು ಆಡಿಸ್ಕೊಂಡು ನಿಂತಿರತ್ತೆ, ಚಿಕ್ಕ ಮಕ್ಕಳು ಅಲ್ಲೇ ನಿಂತ್ಬಿಡ್ತಾರೆ, ನಿಮ್ಮ ಮಗನ್ನ ನೇರವಾಗಿ ಎಂಜಿನ್ ಹಾಲ್‌ಗೆ ಕರ್ಕೊಂಡು ಹೋಗಿ. ಅಲ್ಲಿ ಎಂಜಿನ್ನುಗಳನ್ನ ಅರ್ಧ ಸೀಳಿ ಒಳಗೇನಿದೆ ಕಾಣೋ ಹಾಗೆ ಇಟ್ಟಿದಾರೆ, ಬಟನ್ ಒತ್ತಿದ್ರೆ ಪಿಸ್ಟನ್ ಮೇಲೆ ಕೆಳಗೆ ಹೋಗತ್ತೆ, ಅದಕ್ಕೆ ಕಟ್ಟಿರೋ ರಾಡು ಕ್ರ್ಯಾಂಕನ್ನ ತಿರುಗಿಸತ್ತೆ, ನೇರ ಓಡಾಟ ಹೇಗೆ ಚಕ್ರದ ಸುತ್ತಾಟ ಆಗತ್ತೆ ಅನ್ನೋದು ಪುಸ್ತಕದಲ್ಲಿ ಹತ್ತು ಪುಟ ಓದಿದ್ರೂ ಅರ್ಥ ಆಗ್ದೇ ಇರೋದು ಅಲ್ಲಿ ಅರ್ಧ ನಿಮಿಷಕ್ಕೆ ಅರ್ಥ ಆಗತ್ತೆ. ನೀವು ಪಕ್ಕದಲ್ಲಿ ನಿಂತು ವಿವರಿಸೋಕೆ ಹೋಗ್ಬೇಡಿ. ಅವನು ನಾಲ್ಕು ಸಲ ಒತ್ತಿ ನೋಡ್ಲಿ, ಐದನೇ ಸಲ ಅವನೇ ನಿಮಗೆ ಹೇಳ್ತಾನೆ. ಆಮೇಲೆ ರೈಟ್ ಸಹೋದರರ ವಿಮಾನ, ಅದೇ ಅಳತೇಲಿ ಮಾಡಿಟ್ಟಿದಾರೆ, ಬಟ್ಟೆ, ಮರ, ತಂತಿ ಇಷ್ಟರಲ್ಲೇ ಹಾರಿದ್ರು ಅಂತ ಕಣ್ಣಾರೆ ನೋಡೋದು ಬೇರೆ.

ಮ್ಯೂಸಿಯಂ ಯಾರ ಹೆಸರಲ್ಲಿದೆ ಅನ್ನೋದನ್ನೂ ಹೇಳಿ. ಸರ್ ಎಂ.ವಿ. ಅವರು ತೀರ್ಕೊಂಡಿದ್ದು 1962ರ ಏಪ್ರಿಲ್ಲಲ್ಲಿ, ನೂರು ದಾಟಿದ್ರು. ಅದೇ ವರ್ಷ ಜುಲೈನಲ್ಲಿ ನೆಹರು ಬಂದು ಈ ಮ್ಯೂಸಿಯಂ ಉದ್ಘಾಟನೆ ಮಾಡಿದ್ರು. ಕರೆಂಟಿನ ಗ್ಯಾಲರಿಗೆ ಹೋದಾಗ ಇನ್ನೊಂದು ಮಾತು ಸೇರಿಸಿ, ಬೆಂಗಳೂರಿನ ಬೀದಿಗೆ ಎಲೆಕ್ಟ್ರಿಕ್ ದೀಪ ಬಂದಿದ್ದು 1905ರಲ್ಲಿ, ಆ ಕರೆಂಟು ಶಿವನಸಮುದ್ರದ ಕಾವೇರಿ ನೀರಿಂದ ತಯಾರಾಗಿದ್ದು, ಅದಕ್ಕೂ ಮುಂಚೆ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಅಲ್ಲಿಂದ ತಂತಿ ಎಳೆದಿದ್ರು. ಆ ಯೋಜನೆ ಶುರು ಮಾಡಿಸಿದ್ದು ದಿವಾನರಾಗಿದ್ದ ಶೇಷಾದ್ರಿ ಅಯ್ಯರ್, ಪಕ್ಕದ ಪಾರ್ಕಲ್ಲಿರೋ ಕೆಂಪು ಲೈಬ್ರರಿ ಇದ್ಯಲ್ಲ, ಅದು ಅವರ ನೆನಪಿಗೇ ಕಟ್ಟಿದ್ದು. ಕೆಂಗೇರಿಯ ನಿಮ್ಮನೆ ಸ್ವಿಚ್ಚಿಗೂ ಆ ಕಟ್ಟಡಕ್ಕೂ ಏನು ಸಂಬಂಧ ಅಂತ ಹುಡುಗನಿಗೆ ಗೊತ್ತಾಗ್ಲಿ.

ಪ್ಲಾನೆಟೋರಿಯಂ ಬೇರೆ ದಿನಕ್ಕಿರ್ಲಿ. ಹೈಗ್ರೌಂಡ್ಸ್ ಹತ್ರ ಚೌಡಯ್ಯ ರಸ್ತೆಲಿದೆ, 1989ರಿಂದ ನಡೀತಿದೆ, ಸೋಮವಾರ ರಜ. ಕನ್ನಡದಲ್ಲೂ ಶೋ ಇದೆ, ದಯವಿಟ್ಟು ಕನ್ನಡದ್ದಕ್ಕೇ ಹೋಗಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡದಲ್ಲಿ ಅರ್ಥ ಆಗಲ್ಲ ಅಂತ ಅಪ್ಪ ಅಮ್ಮನೇ ತೀರ್ಮಾನ ಮಾಡ್ಬಿಡ್ತಾರೆ, ಅದು ತಪ್ಪು. ಕತ್ತಲಲ್ಲಿ ತಲೆ ಮೇಲೆ ಆಕಾಶ ಬಿಚ್ಕೊಂಡಾಗ ಕೃತ್ತಿಕೆ, ರೋಹಿಣಿ, ಸಪ್ತರ್ಷಿ ಅಂತ ಹೆಸರು ಕೇಳಿದ್ರೆ ಅಜ್ಜಿ ಮನೇಲಿ ಪಂಚಾಂಗದಲ್ಲಿ ಕೇಳಿದ್ದು ಮೇಲೆ ಕಾಣತ್ತೆ. ಶೋಗೆ ಅರ್ಧ ಗಂಟೆ ಮುಂಚೆ ಇರಿ, ಹೊರಗಿನ ವಿಜ್ಞಾನ ಪಾರ್ಕಲ್ಲಿ ಹೊತ್ತು ಹೋಗೋದೇ ಗೊತ್ತಾಗಲ್ಲ.

ಪ್ರಶ್ನೆ: ನಾನು ರಿಟೈರ್ಡ್ ಟೀಚರು, ರಾಜಾಜಿನಗರ. ಮೊಮ್ಮಕ್ಕಳು ಬೇರೆ ದೇಶದಿಂದ ಬಂದಿದಾರೆ. ಹಳೇ ಪೇಟೆ ತೋರಿಸ್ಬೇಕು ಅಂತ ನನ್ನಾಸೆ, ಮಗಳು ಬೇಡ ಅಂತಾಳೆ, ಗಲೀಜು, ರಶ್ಶು, ಅಲ್ಲೇನಿದೆ ನೋಡೋಕೆ ಅಂತ. ಕರ್ಕೊಂಡು ಹೋಗ್ಲಾ ಬೇಡ್ವಾ?

ಉತ್ತರ: ಖಂಡಿತ ಕರ್ಕೊಂಡು ಹೋಗಿ ಟೀಚರ್. ನಿಮ್ಮ ಮಗಳು ಹೇಳೋದ್ರಲ್ಲೂ ಸುಳ್ಳಿಲ್ಲ, ಫುಟ್‌ಪಾತ್ ಸರಿ ಇಲ್ಲ, ಮಧ್ಯಾಹ್ನ ಹೋದ್ರೆ ಉಸಿರು ಕಟ್ಟತ್ತೆ. ಅದಕ್ಕೆ ಬೆಳಿಗ್ಗೆ ಏಳಕ್ಕೇ ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ನಲ್ಲಿ ಇಳಿಯೋ ಹಾಗೆ ಹೊರಡಿ, ಹನ್ನೊಂದರೊಳಗೆ ಮನೆ ಸೇರ್ಕೊಳ್ಳಿ. ಕಾಲಿಗೆ ಶೂ ಹಾಕಿಸಿ, ಮಾರ್ಕೆಟ್ಟಲ್ಲಿ ನೆಲ ಒದ್ದೆ ಇರತ್ತೆ.

ಮೊದಲು ಹೂವಿನ ಮಾರ್ಕೆಟ್ಟು. 1928ರಿಂದ ಇರೋ ಮಾರ್ಕೆಟ್ಟು. ಮೇಲಿಂದ ನೋಡಿದ್ರೆ ಸೇವಂತಿಗೆ, ಚೆಂಡುಹೂವಿನ ರಾಶಿ ಹಳದಿ ಕಡಲ ಹಾಗೆ ಕಾಣತ್ತೆ, ಫೋಟೋ ತೆಗೆಯೋರೆಲ್ಲ ಮೇಲೇ ನಿಂತಿರ್ತಾರೆ. ನೀವು ಕೆಳಗೆ ಇಳೀರಿ. ಹೂ ಕಟ್ಟೋ ಹೆಂಗಸರ ಹತ್ರ ಎರಡು ಮೊಳ ಮಲ್ಲಿಗೆ ಕೊಳ್ಳಿ, ಅವರು ಅಳೆಯೋದನ್ನ ಮಕ್ಕಳು ಹತ್ತಿರದಿಂದ ನೋಡ್ಲಿ. ಮೊಳಕೈಗೆ ದಾರದ ತುದಿ ಒತ್ತಿ ಹಿಡಿದು, ನಡುಬೆರಳ ತುದಿವರೆಗೆ ಎಳೆದು, ಅಲ್ಲಿ ಚಿವುಟಿ, ಮತ್ತೆ ಮೊಳಕೈಗೆ. ಎರಡು ಸೆಕೆಂಡಿನ ಕೆಲಸ. ಹೋದ ತಿಂಗಳು ನಮ್ಮ ಹುಡುಗ ಅದನ್ನ ನೋಡಿ, ಅಜ್ಜಿ, ಅವರ ಕೈ ಉದ್ದ ಇದ್ರೆ ನಮಗೆ ಜಾಸ್ತಿ ಹೂ ಸಿಗತ್ತಾ ಅಂತ ಕೇಳ್ದ. ಹೂವಿನಮ್ಮನಿಗೆ ಅದು ಕೇಳಿಸಿ, ಬಾ ಕಂದ ಅಂತ ಅವನ ಕೈಲೇ ಒಂದು ಮೊಳ ಅಳೆಸಿ, ಗಿಡ್ಡ ಬಂತಲ್ಲ ಅಂತ ಮೇಲೆ ಇನ್ನೊಂದು ಗೇಣು ಸೇರಿಸಿ ಕೊಟ್ರು. ಮೊಳ, ಗೇಣು, ಮಾರು ಮೂರೂ ಅವತ್ತೇ ಕಲಿತ.

ಅಲ್ಲಿಂದ ಕೋಟೆಗೆ ನಡ್ಕೊಂಡೇ ಹೋಗ್ಬೋದು. ಈಗ ಉಳಿದಿರೋದು ಡೆಲ್ಲಿ ಗೇಟ್ ಸುತ್ತಲಿನ ಚೂರು ಮಾತ್ರ, ಮಿಕ್ಕಿದ್ದೆಲ್ಲಾ ರಸ್ತೆ, ಆಸ್ಪತ್ರೆ, ಕಾಲೇಜು ಆಗಿದೆ. 1537ರಲ್ಲಿ ಕೆಂಪೇಗೌಡ್ರು ಕಟ್ಟಿಸಿದ್ದು ಮಣ್ಣಿನ ಕೋಟೆ, 1761ರಲ್ಲಿ ಹೈದರಾಲಿ ಕಲ್ಲಿಂದ ಗಟ್ಟಿ ಮಾಡಿಸಿದ್ದು. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ಒಳಗೆ ನುಗ್ತು, ಒಡೆದ ಜಾಗದಲ್ಲಿ ಕಲ್ಲಿನ ಫಲಕ ಇದೆ. ಕಿಲ್ಲೇದಾರ್, ಅಂದ್ರೆ ಕೋಟೆ ಕಾಯೋ ಅಧಿಕಾರಿ, ಬಹಾದೂರ್ ಖಾನ್ ಕೊನೇವರೆಗೂ ಕಾದಾಡಿ ಅಲ್ಲೇ ಸತ್ರು. ಬಸ್ಸುಗಳು ಹಾರ್ನ್ ಹೊಡ್ಕೊಂಡು ಹೋಗೋ ಆ ರಸ್ತೆ ಬದೀಲಿ ನಿಂತು ಇದನ್ನ ಹೇಳ್ಬೇಕು, ಮನೇಲಿ ಕೂತು ಹೇಳಿದ್ರೆ ಹಿಡಿಸಲ್ಲ.

ಕೋಟೆಯಿಂದ ಸ್ವಲ್ಪ ಮುಂದೆ ಹೋದ್ರೆ ಟಿಪ್ಪು ಅರಮನೆ, ಗೋಡೆ ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಚಿಕ್ಕದೇವರಾಜ ಒಡೆಯರ ಕಾಲದ್ದು. ಮೊದಲು ದೇವರ ದರ್ಶನ ಮಾಡಿ, ಆಮೇಲೆ ಅರಮನೆಗೆ ಬನ್ನಿ. 1781ರಲ್ಲಿ ಹೈದರ್ ಶುರು ಮಾಡಿಸಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು, ಬಹುತೇಕ ತೇಗದ ಮರ. ಕಂಬಗಳ ಮಧ್ಯೆ ಬಿಸಿಲಲ್ಲೂ ತಣ್ಣಗಿರತ್ತೆ, ಮಕ್ಕಳನ್ನ ಐದು ನಿಮಿಷ ಆ ನೆಲದ ಮೇಲೆ ಕೂರಿಸಿ. ಗೋಡೆ ಮೇಲೆ ಹಳೇ ಬಣ್ಣದ ಹೂಬಳ್ಳಿ ಅಲ್ಲಲ್ಲಿ ಉಳಿದಿದೆ. ಟಿಪ್ಪು ಹೋದ್ಮೇಲೆ 1831ರಿಂದ 1868ರವರೆಗೆ ಸರ್ಕಾರದ ಸಚಿವಾಲಯ ಇದರಲ್ಲೇ ಇತ್ತು, ಇಲ್ಲಿಂದ ಎತ್ಕೊಂಡು ಹೋಗಿದ್ದೇ ಮೇಲೆ ಹೇಳಿದ್ನಲ್ಲ, ಅಠಾರಾ ಕಚೇರಿಗೆ.

ಶಕ್ತಿ ಉಳಿದಿದ್ರೆ ಅವೆನ್ಯೂ ರೋಡು. ಅದರ ಹಳೇ ಹೆಸರು ದೊಡ್ಡಪೇಟೆ. ದೊಡ್ಡಪೇಟೆ, ಚಿಕ್ಕಪೇಟೆ ಕೂಡೋ ಜಾಗದಿಂದ ನಾಲ್ಕು ಜೋಡಿ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಕೆಂಪೇಗೌಡ್ರು ಊರಿನ ಬೀದಿ ಗುರುತು ಮಾಡಿದ್ರು ಅಂತ ಐತಿಹ್ಯ. ಟೀಚರ್ ಆಗಿದ್ದೋರು ನೀವು, ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ ಅಂತ ಹೆಸರು ಹೇಳ್ತಾ ಹೋಗಿ, ಅಲ್ಲಿ ಏನು ಮಾರ್ತಿದ್ರು, ಯಾರಿದ್ರು ಅಂತ ಮಕ್ಕಳೇ ಹೇಳ್ಲಿ. ಬಳೇಪೇಟೇಲಿ ಈಗ ತಬಲ, ಹಾರ್ಮೋನಿಯಂ, ವೀಣೆ ಅಂಗಡಿಗಳಿವೆ, ಬೆಳಿಗ್ಗೆ ಇನ್ನೂ ಬಾಗಿಲು ತೆಗೆದಿರಲ್ಲ, ಅದೊಂದನ್ನ ನೋಡ್ಬೇಕು ಅಂದ್ರೆ ಹತ್ತೂವರೆವರೆಗೆ ಕಾಯ್ಬೇಕು. ಮಗಳನ್ನೂ ಜೊತೆಗೆ ಕರೀರಿ, ಬರ್ತಾಳೆ.

ಪ್ರಶ್ನೆ: ಹತ್ತು ತಿಂಗಳ ಮಗು ಇದೆ. ಮಗು ಹುಟ್ಟಿದ ಮೇಲೆ ನಾನು ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ನೆರಳಿರೋ, ಹಾಲುಣಿಸೋಕೆ ಜಾಗ ಸಿಗೋ ಕಡೆ ಯಾವುದಾದ್ರೂ ಇದ್ಯಾ? (ಹೆಸರು ಬೇಡ ಅಂದಿದಾರೆ)

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ ಕಂದ. ಅರಮನೆ ರಸ್ತೆಲಿ ಮಾಣಿಕ್ಯವೇಲು ಮ್ಯಾನ್ಶನ್ ಅಂತ ಹಳೇ ಬಂಗಲೆ ಇದೆ, 2009ರಿಂದ ಅದು ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್. ಸೋಮವಾರ ರಜ. ಟಿಕೆಟ್ ಕಡಿಮೆ, ವಾರದ ದಿನ ಹೋದ್ರೆ ಜನಾನೇ ಇರಲ್ಲ, ದೊಡ್ಡ ದೊಡ್ಡ ಮರ, ಅಂಗಳದಲ್ಲಿ ನೀರು. ಚಿತ್ರ ನೋಡ್ಲೇಬೇಕು ಅಂತಿಲ್ಲ, ಮರದ ಕೆಳಗೆ ಒಂದು ಗಂಟೆ ಕೂತು ಬಂದ್ರೂ ಆಯ್ತು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತೂ ಹಾಗೇ, ಕಲ್ಲು, ಬಂಡೆ, ಗಿಡ ಮರ, ಓಡಾಡೋ ವಿದ್ಯಾರ್ಥಿಗಳು, ಯಾರೂ ಯಾರನ್ನೂ ನೋಡ್ತಾ ನಿಲ್ಲಲ್ಲ. ಒಳಗೆ ತೊಗಲುಗೊಂಬೆಗಳ ಸಂಗ್ರಹ ಇದೆ, ಕೆಂಪು ಕಪ್ಪು ಬಣ್ಣದ ರಾವಣನ ಮುಂದೆ ಮಗುನ ಎತ್ತಿ ಹಿಡೀರಿ, ಹತ್ತು ತಿಂಗಳ ಕಣ್ಣಿಗೂ ಅದು ಹಿಡಿಸತ್ತೆ.

ಹಾಲುಣಿಸೋಕೆ ಬೇರೆ ರೂಮು ಇದ್ಯಾ ಅಂತ ಬಾಗಿಲಲ್ಲೇ ಇರೋ ಹೆಂಗಸರನ್ನ ಕೇಳಿ, ಇಲ್ಲ ಅಂದ್ರೂ ಒಂದು ಮೂಲೆ ತೋರಿಸ್ತಾರೆ. ಕೆಲವು ವರ್ಷದ ಹಿಂದೆ ಊರಿನ ಒಂದು ಕಡೆ ನನ್ನ ಸೊಸೆ ಮಗುಗೆ ಹಾಲು ಕೊಡ್ತಾ ಕೂತಿದ್ದಾಗ ಕಾವಲಿನವನು ಬಂದು ಏಳಿ ಅಂದಿದ್ದ, ಆವತ್ತು ಅವಳು ಅತ್ಕೊಂಡು ಮನೆಗೆ ಬಂದ್ಳು. ನಿಮಗೂ ಯಾರಾದ್ರೂ ಹಾಗಂದ್ರೆ ಏಳ್ಬೇಡಿ. ಮಗು ಊಟ ಮಾಡ್ತಿದೆ, ಮುಗಿದ ಮೇಲೆ ಏಳ್ತೀನಿ ಅನ್ನಿ. ಸ್ಟ್ರಾಲರ್ ಬೇಡ, ನಮ್ಮ ಫುಟ್‌ಪಾತಿಗೆ ಅದು ಆಗಲ್ಲ, ಹೆಗಲಿಗೆ ಕಟ್ಕೊಳ್ಳೋ ಜೋಳಿಗೆನೇ ಸರಿ.

ಪ್ರಶ್ನೆ: ಹನ್ನೆರಡು ವರ್ಷದ ಮಗಳಿಗೆ ಕನ್ನಡ ನಾಟಕ ತೋರಿಸ್ಬೇಕು. ಟೌನ್ ಹಾಲ್ ಸುತ್ತಮುತ್ತ ಎಲ್ಲಿ ನಡೆಯತ್ತೆ, ಮಕ್ಕಳನ್ನ ಬಿಡ್ತಾರಾ? (ಓದುಗರು, ಆರ್.ಟಿ. ನಗರ)

ಉತ್ತರ: ಜೆ.ಸಿ. ರಸ್ತೆಗೆ ಹೋಗಿ. ರವೀಂದ್ರ ಕಲಾಕ್ಷೇತ್ರ, ಅದರ ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದಲ್ಲೇ ಕನ್ನಡ ಭವನದ ಒಳಗೆ ನಯನ ಸಭಾಂಗಣ, ಮೂರೂ ಒಂದೇ ಆವರಣದಲ್ಲಿವೆ. ಕಲಾಕ್ಷೇತ್ರ ಟಾಗೋರ್ ಶತಮಾನೋತ್ಸವದ ನೆನಪಿಗೆ ಕಟ್ಟಿದ್ದು, 1963ರಿಂದ ಇದೆ, ನಮ್ಮ ಹವ್ಯಾಸಿ ರಂಗಭೂಮಿ ಬೆಳೆದಿದ್ದೇ ಅಲ್ಲಿ. ಸಂಜೆ ಆರೂವರೆ, ಏಳಕ್ಕೆ ಶುರು ಆಗತ್ತೆ. ಆವತ್ತು ಏನಿದೆ ಅಂತ ಪೇಪರಿನ ‘ನಗರದಲ್ಲಿ ಇಂದು’ ಕಾಲಂ ನೋಡಿ, ಅಥವಾ ಮೂರ್ನಾಲ್ಕು ದಿನ ಮುಂಚೆ ಆ ಕಡೆ ಹೋದಾಗ ಗೇಟಿನ ಹತ್ರ ಕಟ್ಟಿರೋ ಬ್ಯಾನರ್ ಓದ್ಕೊಂಡು ಬನ್ನಿ. ಎಷ್ಟೋ ಪ್ರದರ್ಶನಕ್ಕೆ ಟಿಕೆಟ್ಟೇ ಇರಲ್ಲ.

ಮಗಳಿಗೆ ಮೊದಲನೇ ನಾಟಕ ಅಂದ್ರೆ ಬಯಲು ರಂಗಮಂದಿರದ್ದು ಸಿಕ್ರೆ ಅದೇ ಒಳ್ಳೇದು. ಕಲ್ಲು ಮೆಟ್ಟಿಲ ಮೇಲೆ ಕೂತಿರ್ತೀವಿ, ಮೇಲೆ ಆಕಾಶ, ಮಧ್ಯೆ ಮಧ್ಯೆ ಕಾಗೆ ಕೂಗತ್ತೆ, ದೂರದಲ್ಲಿ ಜೆ.ಸಿ. ರಸ್ತೆ ಟ್ರಾಫಿಕ್ಕಿನ ಶಬ್ದ, ಇಷ್ಟರ ನಡುವೆ ಒಬ್ಬ ನಟ ಮೈಕಿಲ್ದೆ ಮಾತಾಡಿದ್ದು ಕೊನೇ ಮೆಟ್ಟಿಲಿಗೆ ಕೇಳಿಸಿದಾಗ ಮಗು ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರತ್ತೆ. ಮಳೆಗಾಲ ಆದ್ರೆ ಯಕ್ಷಗಾನ ಹುಡುಕಿ. ಕರಾವಳಿ ಮೇಳಗಳ ತಿರುಗಾಟ ಮೇ ಕೊನೇಲಿ ಬರೋ ಪತ್ತನಾಜೆ ಅನ್ನೋ ತುಳುನಾಡಿನ ಆಚರಣೆಗೆ ಮುಗಿಯತ್ತೆ, ಆಮೇಲೆ ಕಲಾವಿದರು ಬೆಂಗಳೂರಿಗೆ ಬಂದು ಕಲಾಕ್ಷೇತ್ರದಂಥ ಕಡೆ ಆಡ್ತಾರೆ. ಚಂಡೆ ಪೆಟ್ಟು ಎದೆಗೆ ಬಡಿಯೋ ಹಾಗೆ ಮುಂದಿನ ಸಾಲಲ್ಲಿ ಕೂರಿಸಿ.

ಜೆ.ಪಿ. ನಗರದ ರಂಗಶಂಕರ ನೀವು ಕೇಳಿದ ಜಾಗದಿಂದ ದೂರ, ಆದ್ರೂ ಹೇಳ್ತೀನಿ, 2004ರಿಂದ ನಡೀತಿದೆ, ಮಕ್ಕಳ ನಾಟಕನೂ ಮಾಡ್ತಾರೆ, ಟೈಮ್ ಆದ್ಮೇಲೆ ಒಂದು ನಿಮಿಷ ತಡ ಆದ್ರೂ ಒಳಗೆ ಬಿಡಲ್ಲ. ಆ ಶಿಸ್ತು ನನಗೆ ತುಂಬಾ ಇಷ್ಟ.

ಪ್ರಶ್ನೆ: ಹೊಸದಾಗಿ ಹುಬ್ಬಳ್ಳಿಯಿಂದ ಬಂದೇವ್ರಿ. ಬೆಂಗಳೂರಾಗ ವರ್ಷದಾಗ ಒಮ್ಮೆ ನಡಿಯೂ ಜಾತ್ರಿ, ಸಂತಿ ಅಂತಾವು ಯಾವ್ಯಾವು ನೋಡಬೇಕ್ರಿ, ಮನೀಮಂದಿ ಎಲ್ಲಾ ಕೂಡಿ?

ಉತ್ತರ: ಬರ್ರಿ, ಬರ್ರಿ. ಜನವರೀಲಿ ಒಂದು ಭಾನುವಾರ ಚಿತ್ರಸಂತೆ, ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ ಬರೆಯೋರು ಕೂತಿರ್ತಾರೆ, ಇಪ್ಪತ್ತು ವರ್ಷಕ್ಕೂ ಮೇಲಿಂದ ನಡೀತಿದೆ, ಬೆಳಿಗ್ಗೆ ಒಂಬತ್ತಕ್ಕೇ ಹೋದ್ರೆ ಕಲಾವಿದರ ಜೊತೆ ನಾಲ್ಕು ಮಾತಾಡ್ಬೋದು. ಲಾಲ್‌ಬಾಗ್ ಫ್ಲವರ್ ಶೋ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೆ ಮತ್ತೆ ಸ್ವಾತಂತ್ರ್ಯ ದಿನಕ್ಕೆ. ವಾರದ ದಿನ ಹೋಗಿ, ರಜಾ ದಿನ ಗಾಜಿನ ಮನೆ ಒಳಗೆ ನಾವು ನಡೆಯೋದಲ್ಲ, ಜನ ತಳ್ಕೊಂಡು ಹೋಗ್ತಾರೆ. ಬಸವನಗುಡಿ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕೊನೇ ಸೋಮವಾರ, ಸೇರಲ್ಲಿ ಅಳೆದು ಕೊಡೋ ಹಸಿ, ಹುರಿದ, ಬೇಯಿಸಿದ ಕಾಯಿ, ನಿಮ್ಮ ಕಡೆ ಶೇಂಗಾ ಅಂತೀರಲ್ಲ ಅದೇ. ದೊಡ್ಡ ಬಸವಣ್ಣನಿಗೆ ಕೈ ಮುಗಿದು ಆಮೇಲೆ ಬೀದಿ ಸುತ್ತಿ.

ಇವೆಲ್ಲಕ್ಕಿಂತ ಒಂದನ್ನ ಮಾತ್ರ ತಪ್ಪಿಸ್ಕೋಬೇಡಿ, ಕರಗ. ಚೈತ್ರ ಹುಣ್ಣಿಮೆ ರಾತ್ರಿ, ತಿಗಳರಪೇಟೆ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡತ್ತೆ. ತಿಗಳ ಸಮುದಾಯದವರು ತಲೆತಲಾಂತರದಿಂದ ನಡೆಸ್ಕೊಂಡು ಬಂದಿರೋದು. ಕರಗ ಹೊರೋ ಪೂಜಾರಿಗೆ ದ್ರೌಪದಮ್ಮನ ಹೆಸರಲ್ಲಿ ಹೆಣ್ಣಿನ ವೇಷ, ಬಳೆ, ಮಲ್ಲಿಗೆ ಮುಚ್ಚಿದ ಕರಗ ಅನ್ನೋ ಕಳಶ ತಲೆ ಮೇಲೆ, ಕೈ ಮುಟ್ಟಿಸದೆ ನಡೀತಾರೆ, ಸುತ್ತ ಬರೀ ಮೈಯಲ್ಲಿ ಕತ್ತಿ ಹಿಡಿದ ವೀರಕುಮಾರರು. ಆ ಕರಗ ಅರಳೆಪೇಟೆ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರತ್ತೆ. ಹೊರಡೋದು ಮಧ್ಯರಾತ್ರಿ ಮೀರಿ ಆಗತ್ತೆ, ಗದ್ದಲ ವಿಪರೀತ, ಚಿಕ್ಕ ಮಕ್ಕಳನ್ನ ದೇವಸ್ಥಾನದ ಬಾಗಿಲಿಗೆ ಕರ್ಕೊಂಡು ಹೋಗ್ಬೇಡಿ. ಪೇಟೆ ಬೀದೀಲಿ ಪರಿಚಯದವರ ಮನೆ ಜಗಲಿ ಇದ್ರೆ ಅಲ್ಲಿ ಕೂತು ಕಾಯಿರಿ, ಮಲ್ಲಿಗೆ ವಾಸನೆ ಮೊದಲು ಬರತ್ತೆ, ಗೋವಿಂದಾ ಅನ್ನೋ ಕೂಗು ಆಮೇಲೆ.

ಪ್ರಶ್ನೆ: ಹೊರಟ ದಿನ ಮಳೆ ಬಂದ್ರೆ ಏನ್ ಮಾಡೋದು? (ಐದನೇ ಕ್ಲಾಸ್ ಓದೋ ಒಬ್ಬ ಪುಟ್ಟಿ, ಯಲಹಂಕ)

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆ ಹೊತ್ತಿಗೇ ಬರೋದು, ಹಾಗಾಗಿ ಪಾರ್ಕು, ಕೋಟೆ ಎಲ್ಲಾ ಬೆಳಿಗ್ಗೆ ಮುಗಿಸ್ಕೊಂಡು, ಮೂರು ಗಂಟೆ ಮೇಲೆ ಮ್ಯೂಸಿಯಂ ಒಳಗಿರೋ ಹಾಗೆ ನೋಡ್ಕೊಳ್ಳಿ ಅಂತ ಅಪ್ಪ ಅಮ್ಮನಿಗೆ ಹೇಳು. ಗುಡುಗು ಬಂದಾಗ ಮಾತ್ರ ಕಬ್ಬನ್ ಪಾರ್ಕಿನ ಹಳೇ ಮರಗಳ ಕೆಳಗೆ ನಿಲ್ಬೇಡ, ಕೊಂಬೆ ಮುರಿದು ಬೀಳತ್ತೆ, ಓಡಿ ಹೋಗಿ ಮೆಟ್ರೋ ಸ್ಟೇಷನ್ ಒಳಗೆ ನಿಂತ್ಕೊ. ಬ್ಯಾಗಲ್ಲಿ ಒಂದು ಜೊತೆ ಒಣಗಿದ ಸಾಕ್ಸ್ ಇಟ್ಕೊಂಡಿರು.